‘ಕಿನ್ನರ’ ಪದದ ಅರ್ಥವಿಸ್ತಾರ ಮತ್ತು ನಿಘಂಟುಕಾರರ ಹೊಣೆ

ಕನ್ನಡದ ದೊಡ್ಡ ನಿಘಂಟುಗಳಲ್ಲಿ ‘ಕಿನ್ನರ’, ‘ಕಿನ್ನರಿ’ ಎಂಬ ಪದಗಳನ್ನು ಹುಡುಕುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ದೊರೆಯುವುದು ಒಂದರ ಕೆಳಗೊಂದು ಜೋಡಿಸಿದ ಅರ್ಥಗಳ ಸಾಲು. ಒಂದು ದೇವಯೋನಿ, ಕುದುರೆಯ ಮುಖವೂ ಮನುಷ್ಯನ ದೇಹವೂ ಉಳ್ಳವನು, ಕುಬೇರನ ಪರಿವಾರದವನು, ದೇವಲೋಕದ ಗಾಯಕ, ಒಂದು ಬಗೆಯ ತಂತಿವಾದ್ಯ. ಇಷ್ಟನ್ನು ಓದಿದವನಿಗೆ ಪದದ ಅರ್ಥಗಳು ತಿಳಿಯುತ್ತವೆ, ಅರ್ಥದ ನಡೆ ತಿಳಿಯುವುದಿಲ್ಲ. ಕುದುರೆಮೊಗದ ಜೀವಿಯೊಂದು ಸೋರೆಬುರುಡೆಯ ವಾದ್ಯವಾದದ್ದು ಹೇಗೆ, ಆ ವಾದ್ಯ ಒಬ್ಬ ಶರಣನ ಹೆಸರಿಗೂ ಅಲೆಮಾರಿ ಗಾಯಕರ ಕುಲನಾಮಕ್ಕೂ ಅಂಟಿಕೊಂಡದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಸಂಖ್ಯೆ ಹಾಕಿದ ಅರ್ಥಸೂಚಿ ಉತ್ತರ ಕೊಡಲಾರದು. ಇತ್ತೀಚಿನ ದಶಕಗಳಲ್ಲಿ ಹಿಂದಿಯ ದಾರಿಯಿಂದ ಈ ಪದಕ್ಕೆ ಮತ್ತೊಂದು ಅರ್ಥ ಬಂದು ಸೇರಿರುವುದರಿಂದ, ಈ ಕೊರತೆ ಕೇವಲ ವಿದ್ವತ್ತಿನ ಕೊರತೆಯಾಗಿ ಉಳಿದಿಲ್ಲ. ಬದುಕಿರುವ ಜನರನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ಪ್ರಶ್ನೆ ಅದರೊಡನೆ ಬೆಸೆದುಕೊಂಡಿದೆ.

ಮೊದಲು ನಿಷ್ಪತ್ತಿಯ ಮಾತು. ‘ಕಿಂ’ ಮತ್ತು ‘ನರ’ ಸೇರಿ ‘ಕಿನ್ನರ’ ಆಯಿತೆಂಬುದು ಎಲ್ಲರೂ ಒಪ್ಪಿದ ವಿವರಣೆ. ಆದರೆ ಈ ‘ಕಿಂ’ ಎಂಬುದರ ಭಾವ ಯಾವುದು? ‘ಇವನೇನು ನರನೇ?’ ಎಂಬ ಸಂದೇಹವೆಂದು ತರಗತಿಗಳಲ್ಲಿ ಹೇಳುವುದುಂಟು. ಪಾಣಿನಿ ಇದಕ್ಕಿಂತ ಕಟುವಾದ ಇನ್ನೊಂದು ದಾರಿಯನ್ನು ತೋರಿಸುತ್ತಾನೆ. ನಿಂದೆಯ ಅರ್ಥದಲ್ಲಿ ‘ಕಿಂ’ ಸಮಾಸಗೊಳ್ಳುತ್ತದೆಂದು ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ಸೂತ್ರವೊಂದು ವಿಧಿಸುತ್ತದೆ. ಪ್ರಜೆಗಳನ್ನು ಕಾಯದ ಅರಸು, ದ್ರೋಹ ಬಗೆಯುವ ಗೆಳೆಯ, ಹೊರೆ ಹೊರದ ಎತ್ತು ಇವು ವ್ಯಾಖ್ಯಾನಕಾರರು ಅದಕ್ಕೆ ಕೊಡುವ ಉದಾಹರಣೆಗಳು. ಹೆಸರಿಗೆ ತಕ್ಕ ಗುಣವಿಲ್ಲದವನು ‘ಕಿಂ’ ಎನ್ನಿಸಿಕೊಳ್ಳುತ್ತಾನೆ. ಈ ಜಾಡಿನಲ್ಲಿ ನೋಡಿದರೆ ಕಿನ್ನರನು ಸಂದೇಹಾಸ್ಪದ ನರನಲ್ಲ, ನರನೆಂಬ ಹೆಸರಿಗೆ ಸಲ್ಲದವನು. ಎರಡರಲ್ಲಿ ಯಾವುದನ್ನು ಹಿಡಿದರೂ ಒಂದು ಸಂಗತಿ ಸ್ಪಷ್ಟ: ಇದು ಆ ಜೀವಿ ತನ್ನನ್ನು ತಾನು ಕರೆದುಕೊಂಡ ಹೆಸರಲ್ಲ. ದೂರದಲ್ಲಿ ನಿಂತು ನೋಡಿದವರು ಇಟ್ಟ ಹೆಸರು.

‘ಕಿಂಪುರುಷ’ ಎಂಬ ಜೋಡಿಪದದ ಹಳೆಯ ಪ್ರಯೋಗ ಈ ಮಾತನ್ನು ಬಲಪಡಿಸುತ್ತದೆ. ಐತರೇಯ ಬ್ರಾಹ್ಮಣದಲ್ಲಿ ಯಜ್ಞಪಶುವನ್ನು ಕುರಿತ ಪ್ರಸಂಗವೊಂದಿದೆ. ದೇವತೆಗಳು ಮೊದಲು ಮನುಷ್ಯನನ್ನೇ ಪಶುವಾಗಿ ಹಿಡಿದರು. ಅವನೊಳಗಿನ ಮೇಧ, ಅಂದರೆ ಯಜ್ಞಯೋಗ್ಯವಾದ ಸಾರ, ಅವನನ್ನು ಬಿಟ್ಟು ಕುದುರೆಯನ್ನು ಹೊಕ್ಕಿತು. ಸಾರ ಬಿಟ್ಟುಹೋದ ಮನುಷ್ಯನನ್ನು ಹೊರದೂಡಿದರು, ಅವನು ಕಿಂಪುರುಷನಾದ. ಹೀಗೆಯೇ ಕುದುರೆ ಗೌರಮೃಗವೂ, ಎತ್ತು ಗವಯವೂ, ಟಗರು ಒಂಟೆಯೂ, ಆಡು ಶರಭವೂ ಆದವು. ಊರಿನ ಪ್ರತಿಯೊಂದು ಪ್ರಾಣಿಗೂ ಕಾಡಿನಲ್ಲಿ ಒಂದು ಪ್ರತಿರೂಪವನ್ನು ಕಲ್ಪಿಸುವ ಈ ಪಟ್ಟಿಯಲ್ಲಿ ಕಿಂಪುರುಷನು ಮನುಷ್ಯನ ಕಾಡುರೂಪ. ಕುದುರೆಮೊಗದ ಸುದ್ದಿ ಇಲ್ಲಿಲ್ಲ, ಗಾಯನದ ಸುದ್ದಿಯೂ ಇಲ್ಲ. ಯಜ್ಞದ ಆವರಣದಿಂದ ಹೊರಗಾದವನು ಎಂಬುದಷ್ಟೇ ಇದೆ. ಕನ್ನಡದ ಓದುಗರಿಗೆ ಗುಡಿಯ ಶಿಲ್ಪಗಳಿಂದ ಪರಿಚಿತವಾದ ಶರಭವೂ ಇದೇ ಪಟ್ಟಿಯಿಂದ ಹೊರಬಿದ್ದದ್ದೆಂಬುದು ನೆನಪಿಡತಕ್ಕ ವಿಷಯ.

ಮುಂದೆ ಈ ಹೊರಗಿನವನಿಗೆ ಒಂದು ಭೂಗೋಳ ಒದಗಿತು. ಪುರಾಣಗಳು ಜಂಬೂದ್ವೀಪದ ಒಂಬತ್ತು ವರ್ಷಗಳಲ್ಲಿ ಒಂದನ್ನು ಕಿಂಪುರುಷವರ್ಷವೆಂದು ಕರೆದವು. ಸಭಾಪರ್ವದಲ್ಲಿ ಅರ್ಜುನನು ಉತ್ತರದಿಗ್ವಿಜಯಕ್ಕೆ ಹೊರಟಾಗ ಶ್ವೇತಪರ್ವತವನ್ನು ದಾಟಿ ಕಿಂಪುರುಷರ ನಾಡನ್ನು ಗೆಲ್ಲುತ್ತಾನೆ. ಭಾಗವತದಲ್ಲಿ ಹನುಮಂತನು ರಾಮನನ್ನು ಉಪಾಸಿಸುತ್ತಿರುವುದು ಆ ನಾಡಿನಲ್ಲಿಯೇ. ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆ ಈ ಪೌರಾಣಿಕ ಭೂಗೋಳಕ್ಕೆ ತನ್ನ ಹೆಸರನ್ನು ಜೋಡಿಸಿಕೊಂಡಿದೆ. ರಾಹುಲ ಸಾಂಕೃತ್ಯಾಯನರ ಪ್ರವಾಸಕಥನದ ಹೆಸರಿನಲ್ಲಿಯೇ ‘ಕಿನ್ನರ ದೇಶ’ವಿದೆ; 1960ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಆ ಪ್ರದೇಶದ ಜನ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಕನೌರಾ, ಕಿನ್ನರ’ ಎಂದು ದಾಖಲಾಗಿದ್ದಾರೆ. ಸ್ಥಳೀಯ ಹೆಸರೊಂದು ಸಂಸ್ಕೃತದ ಹೆಸರಿನ ಕಡೆಗೆ ಬಾಗಿತೋ, ಅಥವಾ ಸಂಸ್ಕೃತದ ಹೆಸರೇ ಅಲ್ಲಿ ಸವೆದು ‘ಕನೌರ’ ಆಯಿತೋ ಎಂಬ ಚರ್ಚೆ ಇಲ್ಲಿ ಅಗತ್ಯವಿಲ್ಲ. ಬದುಕಿರುವ ಒಂದು ಜನಸಮುದಾಯ ಈ ಪದವನ್ನು ತನ್ನ ಹೆಸರಾಗಿ ಧರಿಸಿದೆ ಎಂಬುದು ಮುಂದಿನ ವಿಚಾರಕ್ಕೆ ಬೇಕಾದಷ್ಟು.

ಕಾವ್ಯದಲ್ಲಿ ಕಿನ್ನರನ ಸ್ಥಿತಿ ಬೇರೆ. ಅಮರಸಿಂಹನು ಕಿನ್ನರ, ಕಿಂಪುರುಷ, ತುರಂಗವದನ, ಮಯು ಎಂಬ ನಾಲ್ಕನ್ನೂ ಪರ್ಯಾಯಪದಗಳಾಗಿ ಕೊಟ್ಟು, ಕಿನ್ನರರನ್ನು ಗಂಧರ್ವ ಯಕ್ಷರ ಸಾಲಿನ ದೇವಯೋನಿಗಳಲ್ಲಿ ಎಣಿಸುತ್ತಾನೆ. ಬ್ರಾಹ್ಮಣಗ್ರಂಥದ ಬಹಿಷ್ಕೃತನು ಕೋಶದಲ್ಲಿ ದೇವತೆಯಾಗಿದ್ದಾನೆ. ಕುದುರೆಮೊಗ ಮನುಷ್ಯದೇಹದವನು ಕಿನ್ನರ, ಮನುಷ್ಯಮುಖ ಕುದುರೆದೇಹದವನು ಕಿಂಪುರುಷ ಎಂದು ವಿಂಗಡಿಸುವವರೂ ಇದ್ದಾರೆ. ಜೈನ ಗ್ರಂಥಗಳು ಮುಖದ ಗೊಡವೆಗೆ ಹೋಗದೆ ಇವರಿಬ್ಬರನ್ನೂ ವ್ಯಂತರದೇವರ ಎಂಟು ಭೇದಗಳಲ್ಲಿ ಬೇರೆಬೇರೆಯಾಗಿ ಎಣಿಸುತ್ತವೆ. ಹದಿನೈದನೆಯ ತೀರ್ಥಂಕರ ಧರ್ಮನಾಥನ ಯಕ್ಷನ ಹೆಸರೂ ಕಿನ್ನರನೇ. ಬೌದ್ಧರಲ್ಲಿ ಕುದುರೆ ಹಿಂದೆ ಸರಿದು ಹಕ್ಕಿ ಮುಂದೆ ಬರುತ್ತದೆ: ಸೊಂಟದ ಮೇಲೆ ಮನುಷ್ಯ, ಕೆಳಗೆ ಪಕ್ಷಿ. ಅಜಂತೆಯ ಚಿತ್ರಗಳಿಂದ ಥಾಯ್ಲೆಂಡ್, ಮ್ಯಾನ್ಮಾರ್‌ಗಳವರೆಗೆ ಹಬ್ಬಿದ ರೂಪ ಇದೇ. ಹೀಗೆ ದೇಹದ ವಿಷಯದಲ್ಲಿ ಪರಂಪರೆಗಳು ಒಮ್ಮತಕ್ಕೆ ಬರಲಿಲ್ಲ. ಒಮ್ಮತವಿರುವುದು ಎರಡೇ ವಿಷಯಗಳಲ್ಲಿ: ಕಿನ್ನರರು ಹಾಡುತ್ತಾರೆ, ಮತ್ತು ಕಿನ್ನರರು ಜೋಡಿಯಾಗಿ ಇರುತ್ತಾರೆ.

ಈ ಎರಡನೆಯ ಅಂಶಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಕಾದಂಬರಿಯ ಕಥೆ ಹೊರಳುವುದೇ ಒಂದು ಕಿನ್ನರಮಿಥುನದಿಂದ. ಚಂದ್ರಾಪೀಡನು ಆ ಜೋಡಿಯನ್ನು ಬೆನ್ನಟ್ಟಿ, ಸೇನೆಯಿಂದ ಬೇರ್ಪಟ್ಟು, ಅಚ್ಛೋದ ಸರೋವರವನ್ನೂ ಮಹಾಶ್ವೇತೆಯನ್ನೂ ಕಾಣುತ್ತಾನೆ. ಬಾಣನ ಈ ಪ್ರಸಂಗ ಒಂದನೆಯ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯ ಮೂಲಕ ಹತ್ತನೆಯ ಶತಮಾನದ ಕೊನೆಯ ವೇಳೆಗೇ ಕನ್ನಡಕ್ಕೆ ಬಂದಿದೆ. ಅಗಲದ ದಾಂಪತ್ಯದ ಮಾದರಿಯಾಗಿ ಬೌದ್ಧರ ಚಂದಕಿನ್ನರ ಜಾತಕದಲ್ಲಿ ನಿಲ್ಲುವುದೂ ಕಿನ್ನರ ದಂಪತಿಗಳೇ. ಕಾಳಿದಾಸನ ಹಿಮಾಲಯದಲ್ಲಿ ಕಿನ್ನರರಿದ್ದಾರೆ, ಕಿನ್ನರಸ್ತ್ರೀಯರಿದ್ದಾರೆ. ಹೆಣ್ಣೂ ಅಲ್ಲದ ಗಂಡೂ ಅಲ್ಲದ ಕಿನ್ನರನೊಬ್ಬನನ್ನು ಈ ಸಾಹಿತ್ಯದಲ್ಲಿ ಹುಡುಕಹೊರಟರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಇದಕ್ಕೆ ಎದುರಾಗಿ ಕೆಲವರು ರಾಮಾಯಣದ ಉತ್ತರಕಾಂಡದ ಇಲನ ಕಥೆಯನ್ನು ಮುಂದಿಡಬಹುದು. ಅಲ್ಲಿ ಇಲರಾಜನೂ ಅವನ ಪರಿವಾರವೂ ಹೆಣ್ಣಾಗುತ್ತಾರೆ. ಬುಧನು ಆ ಪರಿವಾರದ ಸ್ತ್ರೀಯರನ್ನು ಕಿಂಪುರುಷಿಯರಾಗಿ ಪರ್ವತದಲ್ಲಿ ವಾಸಿಸಿರೆಂದು ಹೇಳುತ್ತಾನೆ. ಲಿಂಗಪರಿವರ್ತನೆಯೂ ಕಿಂಪುರುಷ ಎಂಬ ಪದವೂ ಒಂದೇ ಕಡೆ ಬಂದಿರುವುದು ನಿಜ. ಆದರೆ ಅವರು ಕಿಂಪುರುಷಿಯರಾಗುವುದು ಹೆಣ್ಣಾದ ಮೇಲೆ. ಕಿಂಪುರುಷರನ್ನು ಗಂಡಂದಿರಾಗಿ ಪಡೆಯುವಿರೆಂಬ ಭರವಸೆಯೊಡನೆ. ಅಲ್ಲಿಯೂ ಕಿಂಪುರುಷ ಎಂಬುದು ಗಂಡು ಹೆಣ್ಣುಗಳೆರಡೂ ಇರುವ ಒಂದು ಕುಲವೇ ಹೊರತು ಮೂರನೆಯ ಲಿಂಗವಲ್ಲ.

ಇನ್ನು ಗಾಯನದ ಅಂಶ. ಕನ್ನಡದ ಮಟ್ಟಿಗೆ ಪದದ ನಿಜವಾದ ಬಾಳುವೆ ಶುರುವಾಗುವುದು ಇಲ್ಲಿಂದಲೇ. ಹಾಡುವವನ ಹೆಸರು ವಾದ್ಯಕ್ಕೆ ಸಂದು ‘ಕಿನ್ನರಿ’ ಆಯಿತು. ದೇವಗಿರಿಯ ಯಾದವರ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ರಚಿತವಾದ ಶಾರ್ಙ್ಗದೇವನ ‘ಸಂಗೀತರತ್ನಾಕರ’ ಲಘು, ಬೃಹತ್ ಎಂದು ಕಿನ್ನರಿಯ ಭೇದಗಳನ್ನು ವಿವರಿಸುತ್ತದೆ. ಉದ್ದನೆಯ ದಂಡ, ಅದರ ಕೆಳಗೆ ಸೋರೆಬುರುಡೆಗಳು, ಮೇಲೆ ಮೇಣದಿಂದ ಕೂರಿಸಿದ ಮೆಟ್ಟಿಲುಗಳು ಅದರ ಸ್ಥೂಲರೂಪ. ಬೈಬಲಿನ ‘ಕಿನ್ನೋರ್’ ಎಂಬ ತಂತಿವಾದ್ಯದ ಹೆಸರಿನೊಡನೆ ಇದನ್ನು ಹೋಲಿಸಿ ಸಂಬಂಧ ಕಲ್ಪಿಸುವ ಪ್ರಯತ್ನಗಳು ನಡೆದಿವೆ. ಅದು ಚೌಕಟ್ಟಿಗೆ ತಂತಿ ಬಿಗಿದ ವಾದ್ಯ, ಇದು ದಂಡದ ಮೇಲೆ ತಂತಿ ಎಳೆದ ವಾದ್ಯ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಸಮುದ್ರ ದಾಟುವುದು ನಿಷ್ಪತ್ತಿಕಾರರ ಹಳೆಯ ಚಪಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನ ಹೆಸರಿಗೆ ಈ ವಾದ್ಯ ಅಂಟಿಕೊಂಡಿದೆ. ‘ಮಹಾಲಿಂಗ ತ್ರಿಪುರಾಂತಕ’ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದ ಈತ ಅಕ್ಕಸಾಲೆಯ ಕಸುಬು ಬಿಟ್ಟು ಕಲ್ಯಾಣದಲ್ಲಿ ಕಿನ್ನರಿ ನುಡಿಸಿ ಬಂದದ್ದರಲ್ಲಿ ಜಂಗಮಸೇವೆ ಮಾಡಿದನೆಂದು ವೀರಶೈವ ಪರಂಪರೆ ಹೇಳುತ್ತದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪರೀಕ್ಷಿಸಹೋಗಿ ಸೋತವನೂ ಈತನೇ. ಗಮನಿಸಬೇಕಾದದ್ದು ಹೆಸರಿನ ಪಾಠಾಂತರಗಳನ್ನು: ಕಿನ್ನರಿ ಬೊಮ್ಮಯ್ಯ, ಕಿನ್ನರ ಬೊಮ್ಮಯ್ಯ, ಕಿನ್ನರಬ್ರಹ್ಮಯ್ಯ ಎಂಬ ರೂಪಗಳೆಲ್ಲ ಬಳಕೆಯಲ್ಲಿವೆ. ಸಂಪಾದಕರು ಇವನ್ನು ಕೇವಲ ಲಿಪಿಕಾರರ ವ್ಯತ್ಯಾಸವೆಂದು ಬದಿಗಿಡುವುದು ವಾಡಿಕೆ. ಆದರೆ ‘ಕಿನ್ನರಿ’ ಎಂದರೆ ಕಸುಬು, ‘ಕಿನ್ನರ’ ಎಂದರೆ ಉಪಮೆ. ಮೊದಲನೆಯದು ಅವನ ಕೈಯಲ್ಲಿದ್ದ ವಾದ್ಯವನ್ನು ಹೇಳುತ್ತದೆ, ಎರಡನೆಯದು ಅವನನ್ನು ದೇವಗಾಯಕನಿಗೆ ಹೋಲಿಸುತ್ತದೆ. ಕಾಯಕವನ್ನು ಹೆಸರಿಗೆ ಮುನ್ನ ಇಟ್ಟುಕೊಂಡ ಮಾದಾರ, ಅಂಬಿಗ, ನುಲಿಯ, ಮೇದಾರ ಮೊದಲಾದ ಶರಣರ ಸಾಲಿನಲ್ಲಿಟ್ಟು ನೋಡಿದರೆ ‘ಕಿನ್ನರಿ’ ಎಂಬ ರೂಪವೇ ಹೆಚ್ಚು ಸಹಜವೆನಿಸುತ್ತದೆ. ಪಾಠನಿರ್ಣಯದ ವೇಳೆ ಈ ಅರ್ಥಭೇದವನ್ನು ಮರೆಯುವುದು ಕಾಯಕವನ್ನು ಅಲಂಕಾರವಾಗಿಸಿಬಿಡುವ ಅಪಾಯಕ್ಕೆ ಎಡೆಮಾಡುತ್ತದೆ.

ಜನಪದರ ಬಾಯಲ್ಲಿ ಕಿನ್ನರಿಯು ‘ಕಿಂದರಿ’ಯಾಯಿತು. ಅರ್ಜುನ ಜೋಗಿಗಳೆಂದೂ ಕರೆಸಿಕೊಳ್ಳುವ ಕಿನ್ನರಿ ಜೋಗಿಗಳು ಬುರುಡೆಗಳ ಈ ವಾದ್ಯವನ್ನು ಹೆಗಲಿಗೇರಿಸಿ, ನವಿಲುಗರಿ ಸಿಕ್ಕಿಸಿ, ಊರೂರು ಅಲೆದು ಭಾರತದ ಕಥೆಗಳನ್ನು ಹಾಡಿದವರು. ತೆಲಂಗಾಣದಲ್ಲಿ ಇದೇ ಬಳಗದ ವಾದ್ಯ ‘ಕಿನ್ನೆರ’. ಹನ್ನೆರಡು ಮೆಟ್ಟಿಲ ಕಿನ್ನೆರವನ್ನು ಉಳಿಸಿಕೊಂಡು ಬಂದ ದರ್ಶನಂ ಮೊಗಿಲಯ್ಯ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನಕವನವನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಕನ್ನಡಕ್ಕೆ ತಂದಾಗ ಮಾಡಿದ ಆಯ್ಕೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಮೂಲದಲ್ಲಿರುವವನು ಕೊಳಲೂದುವವನು. ಕೊಳಲಿಗೆ ಕನ್ನಡದಲ್ಲಿ ಪದವಿಲ್ಲದೆ ಇರಲಿಲ್ಲ. ಆದರೂ ಊದುವ ವಾದ್ಯ ಹೋಗಿ ಮೀಟುವ ವಾದ್ಯ ಬಂತು. ಕೊಳಲು ಎಂದೊಡನೆ ಕನ್ನಡದ ಓದುಗನ ಮನಸ್ಸಿಗೆ ಕೃಷ್ಣನು ಬಂದುಬಿಡುತ್ತಾನೆ, ಅಲೆಮಾರಿಯಲ್ಲ. ಎಲ್ಲಿಂದಲೋ ಬಂದು, ಊರನ್ನು ಮರುಳುಗೊಳಿಸಿ, ಕೊಡಬೇಕಾದ ಹಣವನ್ನು ಊರು ಕೊಡದೆ ಹೋದಾಗ ಊರಿಗೇ ಕಂಟಕನಾಗುವ ಪರಸ್ಥಳದವನಿಗೆ ಜೋಗಿಯೇ ತಕ್ಕವನು. ‘ಇವನೇನು ನರನೇ?’ ಎಂದು ಊರು ಬೆರಗಿನಿಂದಲೂ ಅಂಜಿಕೆಯಿಂದಲೂ ನೋಡುವ ವ್ಯಕ್ತಿಯ ಕೈಗೆ ಕವಿ ಕೊಟ್ಟದ್ದು ಅದೇ ಪ್ರಶ್ನೆಯಿಂದ ಹುಟ್ಟಿದ ಹೆಸರಿನ ವಾದ್ಯವನ್ನು. ಇದು ಬುದ್ಧಿಪೂರ್ವಕವೋ ಅಲ್ಲವೋ, ಪದದ ಹಳೆಯ ನೆನಪು ಇಲ್ಲಿ ಎಚ್ಚತ್ತಿದೆ.

ಕನ್ನಡ ವ್ಯಾಕರಣವು ಈ ಅರ್ಥಗಳನ್ನು ತನ್ನದೇ ರೀತಿಯಲ್ಲಿ ವಿಂಗಡಿಸಿಕೊಂಡಿದೆ. ಸಂಸ್ಕೃತದಲ್ಲಿ ಕಿನ್ನರಿ ಎಂಬುದು ಹೆಣ್ಣಾದರೂ ವಾದ್ಯವಾದರೂ ಸ್ತ್ರೀಲಿಂಗವೇ. ಅರ್ಥವನ್ನು ಅನುಸರಿಸಿ ಲಿಂಗವನ್ನು ನಿರ್ಣಯಿಸುವ ಕನ್ನಡದಲ್ಲಿ ‘ಕಿನ್ನರಿ ಹಾಡಿದಳು’ ಎಂದರೆ ಒಬ್ಬಳು, ‘ಕಿನ್ನರಿ ನುಡಿಯಿತು’ ಎಂದರೆ ಒಂದು. ಪದ ಒಂದೇ, ಕ್ರಿಯಾಪದದ ತುದಿ ತೀರ್ಪು ಕೊಡುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮಿಶ್ರದೇಹದ ಇತರ ಜೀವಿಗಳಾದ ಶರಭ, ಮಕರ, ಗಂಡಭೇರುಂಡಗಳು ಕನ್ನಡದಲ್ಲಿ ನಪುಂಸಕಲಿಂಗಕ್ಕೆ ಸೇರುತ್ತವೆ: ಶರಭ ಬಂದಿತು, ಮಕರ ನುಂಗಿತು. ಕಿನ್ನರನು ಮಾತ್ರ ‘ಬಂದನು’, ಕಿನ್ನರರು ‘ಬಂದರು’. ಕುದುರೆಯ ಮುಖವಿದ್ದರೂ ಅವನು ಕನ್ನಡಕ್ಕೆ ಪ್ರಾಣಿಯಲ್ಲ, ಮನುಷ್ಯರ ದೇವತೆಗಳ ಪಂಕ್ತಿಯವನು. ಸಂಸ್ಕೃತದ ಪದರಚನೆ ಎತ್ತಿದ ಪ್ರಶ್ನೆಗೆ ಕನ್ನಡದ ಪ್ರತ್ಯಯ ಸದ್ದಿಲ್ಲದೆ ಉತ್ತರ ಕೊಟ್ಟಿದೆ.

ಹೊಸಗನ್ನಡದಲ್ಲಿ ‘ಕಿನ್ನರಿ’ ಪಾಶ್ಚಾತ್ಯ ಕಥೆಗಳ ರೆಕ್ಕೆಯ ಹುಡುಗಿಗೂ ‘ಕಿನ್ನರಲೋಕ’ ಮಕ್ಕಳ ಕಲ್ಪನಾಪ್ರಪಂಚಕ್ಕೂ ಹೆಸರಾದವು. ಸಾಗರ ತಾಲ್ಲೂಕಿನ ತುಮರಿಯ ‘ಕಿನ್ನರ ಮೇಳ’ ಮಕ್ಕಳ ರಂಗಭೂಮಿಯಿಂದಾಗಿ ನಾಡಿಗೆ ಪರಿಚಿತ. ಇಲ್ಲಿ ಪದವು ಮುದ್ದಿನ ಪದವಾಗಿದೆ. ಹೆಣ್ಣುಮಕ್ಕಳಿಗೆ ಇಡುವ ಹೆಸರೂ ಆಗಿದೆ.

ಹಿಂದಿಯಲ್ಲಿ ಆದದ್ದೇ ಬೇರೆ. ‘ಹಿಜಡಾ’ ಎಂಬ ಪದ ಬೈಗುಳವಾಗಿ ಸವೆದುಹೋದಾಗ ಅದರ ಸ್ಥಾನಕ್ಕೆ ಸಂಸ್ಕೃತದಿಂದ ಗೌರವದ ಪದವೊಂದನ್ನು ಹುಡುಕಿದವರಿಗೆ ‘ಕಿನ್ನರ್’ ಸಿಕ್ಕಿತು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2015ರಲ್ಲಿ ಲಕ್ಷ್ಮೀನಾರಾಯಣ ತ್ರಿಪಾಠಿ ಮತ್ತು ಸಂಗಡಿಗರು ಕಟ್ಟಿದ ‘ಕಿನ್ನರ್ ಅಖಾಡ’ ಮರುವರ್ಷ ಉಜ್ಜಯಿನಿಯ ಸಿಂಹಸ್ಥದಲ್ಲಿ ಮೆರವಣಿಗೆ ಹೊರಟಿತು. 2019ರ ಅಧಿನಿಯಮ ಅಂಗೀಕಾರವಾದಾಗ ಅದರ ವ್ಯಾಖ್ಯೆಯಲ್ಲಿ ಕಿನ್ನರ್, ಹಿಜ್ರಾ, ಅರವಾಣಿ, ಜೋಗ್ತಾ ಎಂಬ ನಾಲ್ಕು ಹೆಸರುಗಳು ಒಟ್ಟಿಗೆ ಕಾಣಿಸಿಕೊಂಡವು. ಒಂದು ಸಮುದಾಯ ತನಗೆ ಹೆಸರೊಂದನ್ನು ಆರಿಸಿಕೊಂಡಾಗ ಭಾಷಾಶಾಸ್ತ್ರಜ್ಞರು ನಿಷ್ಪತ್ತಿಯ ಪುಸ್ತಕ ಹಿಡಿದು ಅಡ್ಡ ನಿಲ್ಲತಕ್ಕದ್ದಲ್ಲ. ಆದರೆ ಇದೇ ಪದ ಇನ್ನೊಂದು ಸಮುದಾಯದ ಹೆಸರೂ ಆಗಿದ್ದುದರಿಂದ ಹಿಮಾಚಲದಲ್ಲಿ ಕಹಿ ಹುಟ್ಟಿತು. 2007ರಲ್ಲಿ ಹಿಂದಿ ಚಲನಚಿತ್ರವೊಂದರ ಪ್ರದರ್ಶನವನ್ನು ಆ ರಾಜ್ಯದಲ್ಲಿ ತಡೆಯುವವರೆಗೂ ಅದು ಹೋಯಿತು. ಗೌರವಕ್ಕೆಂದು ಆರಿಸಿದ ಪದವನ್ನು ತಮಗೆ ಅಗೌರವವೆಂದು ಕಿನ್ನೌರಿನವರು ಭಾವಿಸಿದರೆಂಬುದರಲ್ಲಿ, ಆ ಪದ ಯಾರ ಕಡೆಗೆ ತಿರುಗಿತೋ ಅವರ ಬಗ್ಗೆ ಸಮಾಜ ಇಟ್ಟುಕೊಂಡಿರುವ ತಾತ್ಸಾರವೂ ಬಯಲಾಗುತ್ತದೆ.

ಕನ್ನಡದ ಪ್ರಶ್ನೆ ಇದಕ್ಕಿಂತ ಬೇರೆಯಾದದ್ದು. ಹಿಂದಿಯಿಂದ ಅನುವಾದವಾಗುವ ಸುದ್ದಿಗಳಲ್ಲಿ, ಕೃತಿಗಳಲ್ಲಿ ‘ಕಿನ್ನರರು’ ಎಂಬ ಪದ ಈ ಹೊಸ ಅರ್ಥದಲ್ಲಿ ಹಾಗೆಯೇ ಇಳಿದು ಬರುತ್ತಿದೆ. ಹಿಂದಿ ವಿಭಾಗಗಳಲ್ಲಿ ‘ಕಿನ್ನರ್ ವಿಮರ್ಶ್’ ಎಂಬ ಅಧ್ಯಯನಶಾಖೆಯೇ ಬೆಳೆದಿದೆ. ಚಿತ್ರಾ ಮುದ್ಗಲ್ ಅವರ ‘ಪೋಸ್ಟ್ ಬಾಕ್ಸ್ ನಂ. 203 ನಾಲಾ ಸೋಪಾರಾ’ ಕಾದಂಬರಿಗೆ 2018ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಅದಕ್ಕೆ ಇನ್ನಷ್ಟು ಕಳೆ ಬಂತು. ಇದನ್ನು ಕನ್ನಡದಲ್ಲಿ ‘ಕಿನ್ನರ ವಿಮರ್ಶೆ’ ಎಂದರೆ ತಪ್ಪು ಎರಡು ಪಟ್ಟಾಗುತ್ತದೆ. ಹಿಂದಿಯ ವಿಮರ್ಶ್ ಕನ್ನಡದ ವಿಮರ್ಶೆಯಲ್ಲ, ಹಿಂದಿಯ ಕಿನ್ನರ್ ಕನ್ನಡದ ಕಿನ್ನರನಲ್ಲ. ಅದಕ್ಕಿಂತ ಮಿಗಿಲಾಗಿ, ಕನ್ನಡದಲ್ಲಿ ತುಂಬಬೇಕಾದ ಖಾಲಿ ಜಾಗ ಅಲ್ಲಿ ಇರಲೇ ಇಲ್ಲ. ಸವದತ್ತಿಯ ಎಲ್ಲಮ್ಮನ ಪರಂಪರೆಯ ಜೋಗಪ್ಪ, ಜೋಗತಿ ಎಂಬ ಹೆಸರುಗಳಿವೆ, ‘ಮಂಗಳಮುಖಿ’ ಇದೆ, ಚಳವಳಿಯ ಒಳಗಿನಿಂದ ಬಳಕೆಗೆ ಬಂದ ‘ಲಿಂಗತ್ವ ಅಲ್ಪಸಂಖ್ಯಾತರು’ ಇದೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ನೇಮಕಗೊಂಡು, 2021ರ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಮಂಜಮ್ಮ ಜೋಗತಿ ಅವರು ನಾಡಿಗೆ ಪರಿಚಿತರಾದದ್ದು ಜೋಗತಿ ಎಂಬ ಹೆಸರಿನಿಂದಲೇ. ಈ ಹೆಸರುಗಳೊಳಗೆ ಆಚರಣೆ, ಪ್ರದೇಶ, ದೀಕ್ಷೆಗಳ ವ್ಯತ್ಯಾಸಗಳಿವೆ. ಎಲ್ಲವನ್ನೂ ಅಳಿಸಿ ಒಂದು ‘ಕಿನ್ನರ’ದಡಿ ತಂದರೆ ಉಳಿಯುವುದು ಆ ಹಳೆಯ ದೂರದ ನೋಟ ಮಾತ್ರ. ಗಂಡಲ್ಲವೇ ಹೆಣ್ಣಲ್ಲವೇ ಎಂಬ ಕುತೂಹಲಕ್ಕೆ, ಮನುಷ್ಯನೇ ಅಲ್ಲವೇ ಎಂಬ ವ್ಯುತ್ಪತ್ತಿಯ ಬೆಂಬಲವೂ ಸೇರುತ್ತದೆ.

ಹಾಗೆಂದು ನಿಘಂಟು ಈ ಅರ್ಥವನ್ನು ಹೊರಗಿಡಬೇಕೆಂದಲ್ಲ. ಬಳಕೆಗೆ ಬಂದದ್ದನ್ನು ದಾಖಲಿಸುವುದು ಅದರ ಧರ್ಮ. ಆದರೆ ಎಲ್ಲಿಂದ ಬಂತು, ಯಾವಾಗ ಬಂತು, ಯಾರು ಯಾರನ್ನು ಹಾಗೆ ಕರೆಯುತ್ತಾರೆ ಎಂಬ ಸೂಚನೆಗಳಿಲ್ಲದೆ ಹಳೆಯ ಅರ್ಥಗಳ ಸಾಲಿನ ಕೊನೆಗೆ ಆರನೆಯದಾಗಿ ಅದನ್ನು ಸೇರಿಸಿದರೆ, ನಾಳೆ ಒಬ್ಬ ಸಂಶೋಧನಾರ್ಥಿ ನಾಗವರ್ಮನ ಕಿನ್ನರಮಿಥುನದಲ್ಲಿ ತೃತೀಯ ಲಿಂಗವನ್ನು ‘ಕಂಡುಹಿಡಿಯುವುದು’ ಖಂಡಿತ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಹೊರಬಂದದ್ದು. ಇಲ್ಲಿ ಹೇಳಿದ ಕಾನೂನು, ಸಂಘಟನೆಗಳ ಇತಿಹಾಸ ಅದರ ಅನಂತರದ್ದು. ಪರಿಷ್ಕರಣದ ಕೆಲಸ ಕೈಗೆತ್ತಿಕೊಳ್ಳುವವರು ವಾದ್ಯವಾಚಿಯಾದ ‘ಕಿನ್ನರಿ’ಯನ್ನು ‘ಕಿಂದರಿ’ಯೊಡನೆ ಪ್ರತ್ಯೇಕ ಮುಖ್ಯಪದವಾಗಿ ನಿಲ್ಲಿಸಿ, ದೇವಯೋನಿಯ ಕಿನ್ನರನಿಗೆ ಅದನ್ನು ಬಾಲವಾಗಿ ಕಟ್ಟುವುದನ್ನು ಬಿಡಬೇಕು. ವಾದ್ಯದ ಬುರುಡೆ, ಮೆಟ್ಟಿಲು, ತಂತಿಗಳಿಗೆ ಕಿನ್ನರಿ ಜೋಗಿಗಳು ಬಳಸುವ ಹೆಸರುಗಳನ್ನು ಅವರಿಂದಲೇ ಕೇಳಿ ಬರೆದುಕೊಳ್ಳುವ ಕೆಲಸವೂ ಅದರೊಡನೆ ಆಗಬೇಕಾಗಿದೆ. ಅದಕ್ಕೆ ಗ್ರಂಥಾಲಯ ಸಾಲದು. ಕಿಂದರಿಯನ್ನು ಇನ್ನೂ ಗೋಡೆಗೆ ತೂಗುಹಾಕದೆ ನುಡಿಸುತ್ತಿರುವವರ ಮನೆಗಳಿಗೆ ಹೋಗಬೇಕು.